ಹಳೆಯ ನ್ಯಾಸ್ ತೆರೆಯುತ್ತಿಲ್ಲವೇ? ಫೈಲುಗಳು ಬಹುಶಃ ಒಳಗೇ ಇವೆ

ದೀಪ ಉರಿಯುತ್ತಿದೆ. ಫ್ಯಾನ್ ತಿರುಗುತ್ತಿದೆ. ಕಿವಿಗೊಟ್ಟರೆ ಡಿಸ್ಕ್ ಓಡುವ ಸದ್ದೂ ಕೇಳುತ್ತದೆ. ಆದರೆ ಹೊಸ ಕಂಪ್ಯೂಟರಿನಲ್ಲಿ ‘ನೆಟ್‌ವರ್ಕ್’ ತೆರೆದರೆ ಹಳೆಯ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸಿ ಎಲ್ಲರ ಫೈಲು ಇಟ್ಟುಕೊಳ್ಳುವ ಡಿಸ್ಕ್ ಪೆಟ್ಟಿಗೆ) ಕಾಣುವುದೇ ಇಲ್ಲ. ಕಂಡರೂ ಒಳಗೆ ಬಿಡುವುದಿಲ್ಲ. ಎಷ್ಟೋ ವರ್ಷದ ಫೋಟೊ, ಲೆಕ್ಕಪತ್ರ ಎಲ್ಲ ಅದರಲ್ಲೇ ಇರುವಾಗ ಎದೆ ಧಸಕ್ಕೆನ್ನುವುದು ಸಹಜ.

ಇಂಥ ಹೊತ್ತಿನಲ್ಲಿ ಬಹಳ ಸಲ ಡಿಸ್ಕಿಗೆ ಏನೂ ಆಗಿರುವುದಿಲ್ಲ. ನ್ಯಾಸ್ ನಿನ್ನೆ ಇದ್ದ ಹಾಗೇ ಇದೆ, ಬದಲಾಗಿರುವುದು ನಿಮ್ಮ ಕಂಪ್ಯೂಟರ್. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಕಂಪ್ಯೂಟರಿನ ಕಡೆಯಿಂದ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವುದು ಕೊನೆಗೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ನ್ಯಾಸ್‌ನ ಡಿಸ್ಕ್ ತೆಗೆದು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಅಥವಾ ‘ಇನಿಶಿಯಲೈಸ್ ಮಾಡಬೇಕು’ ಎಂದು ಕೇಳುತ್ತದೆ. ಡಿಸ್ಕ್ ಕೆಟ್ಟಿದೆ ಅಂತಲ್ಲ. ಅದರ ಮೇಲಿರುವುದು ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್‌ನ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ), ವಿಂಡೋಸಿಗೆ ಅದನ್ನು ಓದಲು ಬರುವುದಿಲ್ಲ, ಅಷ್ಟೇ. ಅಲ್ಲಿ ‘ಸರಿ’ ಒತ್ತಿದಿರೋ, ಆ ತನಕ ಇಲ್ಲದಿದ್ದ ಸಮಸ್ಯೆ ಆಗ ಹುಟ್ಟುತ್ತದೆ.

ಇದೂ ಒಂದು ಕಂಪ್ಯೂಟರೇ

ನ್ಯಾಸ್ ಅಂದರೆ ದೊಡ್ಡ ಪೆನ್‌ಡ್ರೈವ್ ಇದ್ದ ಹಾಗೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಲ್ಲ. ಅದೊಂದು ಪುಟ್ಟ ಕಂಪ್ಯೂಟರ್. ಒಳಗೆ ಪ್ರೊಸೆಸರ್ ಇದೆ, ಮೆಮೊರಿ ಇದೆ, ಆಪರೇಟಿಂಗ್ ಸಿಸ್ಟಮ್ ಇದೆ. ಬಹುಪಾಲು ನ್ಯಾಸ್‌ಗಳಲ್ಲಿ ಇರುವುದು ಲಿನಕ್ಸ್. ಅದರ ಮೇಲೆ ಸಾಂಬಾ ಎಂಬ ತಂತ್ರಾಂಶ ಓಡುತ್ತಿರುತ್ತದೆ. ವಿಂಡೋಸ್ ಕಂಪ್ಯೂಟರುಗಳ ಜತೆ ಫೈಲು ಹಂಚಿಕೊಳ್ಳುವ ಎಸ್‌ಎಂಬಿ ಭಾಷೆಯಲ್ಲಿ ಮಾತಾಡುವುದು ಈ ಸಾಂಬಾ.

ತಯಾರಿಸಿದ ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ದಿನವೇ ನ್ಯಾಸ್‌ನ ಕಲಿಕೆಯೂ ನಿಲ್ಲುತ್ತದೆ. 2009ರಲ್ಲಿ ಅದಕ್ಕೆ ಏನು ಗೊತ್ತಿತ್ತೋ ಇವತ್ತೂ ಅಷ್ಟೇ ಗೊತ್ತು. ಇತ್ತ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಮುಂದೆ ಹೋಗುತ್ತಲೇ ಇವೆ. ಹೋಗುವಾಗ ಹಳೆಯ ರೀತಿಗಳನ್ನು ಒಂದೊಂದಾಗಿ ಬಿಟ್ಟು ಹೋಗುತ್ತವೆ.

ಎಸ್‌ಎಂಬಿಯ ಮೊದಲ ಆವೃತ್ತಿ 1980ರ ದಶಕದ್ದು, ಐಬಿಎಂನಲ್ಲಿ ಹುಟ್ಟಿದ್ದು. ಎರಡನೇ ಆವೃತ್ತಿ ವಿಂಡೋಸ್ ವಿಸ್ತಾ ಜತೆ ಬಂತು. ಮೂರನೆಯದು 2012ರಲ್ಲಿ, ವಿಂಡೋಸ್ 8ರ ಜತೆ. ಎರಡನೆಯದು ಬಂದ ಮೇಲೂ ವರ್ಷಗಟ್ಟಲೆ ಮಾರಾಟವಾದ ಅಗ್ಗದ ನ್ಯಾಸ್‌ಗಳಿಗೆ ಗೊತ್ತಿದ್ದದ್ದು ಮೊದಲನೆಯದು ಮಾತ್ರ. ಆಗ ಯಾರಿಗೂ ತೊಂದರೆ ಆಗಲಿಲ್ಲ, ಯಾಕೆಂದರೆ ವಿಂಡೋಸಿಗೆ ಎರಡೂ ಬರುತ್ತಿತ್ತು.

ಮೈಕ್ರೋಸಾಫ್ಟ್ 2014ರಲ್ಲೇ ಎಸ್‌ಎಂಬಿ 1ನ್ನು ಕೈಬಿಡುವುದಾಗಿ ಹೇಳಿತ್ತು. ಆದರೆ ಅದನ್ನು ಜನ ಗಂಭೀರವಾಗಿ ತೆಗೆದುಕೊಂಡದ್ದು 2017ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ (ಫೈಲುಗಳನ್ನು ಒತ್ತೆ ಇಟ್ಟು ಹಣ ಕೇಳುವ ತಂತ್ರಾಂಶ) ಎಸ್‌ಎಂಬಿ 1ರ ಒಂದು ದೋಷವನ್ನು ಹಿಡಿದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹಾರಿ ಜಗತ್ತಿನಾದ್ಯಂತ ಫೈಲುಗಳಿಗೆ ಬೀಗ ಹಾಕಿತು. ದೋಷ ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ 1ನ್ನು ತೆಗೆಯುವ ಕೆಲಸ ಶುರುವಾಯಿತು. ಲಿನಕ್ಸ್ ಕಡೆ ಸಾಂಬಾ ಕೂಡ 2019ರ 4.11 ಆವೃತ್ತಿಯಲ್ಲಿ ಅದನ್ನು ಆಫ್ ಮಾಡಿತು.

ಅಂದರೆ ನಿಮ್ಮ ಕಂಪ್ಯೂಟರ್ ನ್ಯಾಸ್ ಜತೆ ಮಾತಾಡಲು ಹಿಂಜರಿಯುವುದಕ್ಕೆ ಗಟ್ಟಿ ಕಾರಣ ಇದೆ. ಬಾಗಿಲು ತೆರೆಯಬಹುದು, ಆದರೆ ಬೇಕಾದಷ್ಟೇ ತೆರೆದು, ಫೈಲು ಹೊರಗೆ ತಂದು, ಮತ್ತೆ ಹಾಕಿಬಿಡಬೇಕು. ಮುಂದಿನ ಎಲ್ಲ ದಾರಿಗಳನ್ನೂ ಈ ಅಳತೆಗೋಲಿನಲ್ಲೇ ನೋಡಿ.

ಕಾಣದಿದ್ದರೆ ಇಲ್ಲ ಅಂತಲ್ಲ

ವಿಂಡೋಸಿನ ‘ನೆಟ್‌ವರ್ಕ್’ ಕಿಟಕಿಯಲ್ಲಿ ಅಕ್ಕಪಕ್ಕದ ಕಂಪ್ಯೂಟರುಗಳ ಪಟ್ಟಿ ತೋರಿಸುತ್ತಿದ್ದ ಹಳೆಯ ವ್ಯವಸ್ಥೆ ನಿಂತಿದ್ದೇ ಎಸ್‌ಎಂಬಿ 1ರ ಮೇಲೆ. ಅದು ಹೋದಾಗ ಪಟ್ಟಿಯೂ ಹೋಯಿತು. ಹಾಗಾಗಿ ಆ ಕಿಟಕಿಯನ್ನು ಸುಮ್ನೆ ಮತ್ತೆ ಮತ್ತೆ ರಿಫ್ರೆಶ್ ಮಾಡಿ ಪ್ರಯೋಜನವಿಲ್ಲ. ನೇರವಾಗಿ ಐಪಿ ವಿಳಾಸದಿಂದ, ಅಂದರೆ ನೆಟ್‌ವರ್ಕಿನಲ್ಲಿ ಪ್ರತಿ ಸಾಧನಕ್ಕೂ ಇರುವ ಸಂಖ್ಯೆಯಿಂದ ಹೋಗಿ.

ವಿಳಾಸ ಸಿಗುವುದು ಬ್ರೌಸರಿನಲ್ಲಿ ತೆರೆಯುವ ರೌಟರಿನ ಸೆಟ್ಟಿಂಗ್ ಪುಟದಲ್ಲಿ. ಯಾವ ಯಾವ ಸಾಧನ ಜೋಡಣೆಯಾಗಿದೆ ಎಂಬ ಪಟ್ಟಿ ಅಲ್ಲಿರುತ್ತದೆ. ನ್ಯಾಸ್‌ನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಮ್ಯಾಕ್ ವಿಳಾಸ (ಆಪಲ್ ಮ್ಯಾಕ್ ಅಲ್ಲ, ಸಾಧನದ ನೆಟ್‌ವರ್ಕ್ ಪೋರ್ಟಿನ ಗುರುತು ಸಂಖ್ಯೆ) ಬರೆದಿರುತ್ತದೆ, ಅದನ್ನು ಪಟ್ಟಿಯಲ್ಲಿ ಹುಡುಕಿ. 192.168.1.20 ಅಂತ ಸಿಕ್ಕಿತು ಅಂದುಕೊಳ್ಳಿ. ಫೈಲ್ ಎಕ್ಸ್‌ಪ್ಲೋರರಿನ ವಿಳಾಸ ಪಟ್ಟಿಯಲ್ಲಿ \\192.168.1.20 ಎಂದು ಹೊಡೆದು ಎಂಟರ್ ಒತ್ತಿ. ಎಷ್ಟೋ ಸಲ ಇಷ್ಟಕ್ಕೇ ಫೋಲ್ಡರುಗಳು ತೆರೆದುಕೊಳ್ಳುತ್ತವೆ.

ರೌಟರಿನ ಪಟ್ಟಿಯಲ್ಲೇ ಇಲ್ಲ ಅಂದರೆ, ಕೇಬಲ್ ಸರಿ ಇದೆಯೇ ನೋಡಿದ ಮೇಲೆ, ನಾನು ಮೊದಲು ಅನುಮಾನಿಸುವುದು ಬದಲಾದ ರೌಟರನ್ನು. ಉದಾಹರಣೆಗೆ, ಹಳೆಯ ರೌಟರ್ 192.168.0 ಸಾಲಿನ ವಿಳಾಸಗಳನ್ನು ಕೊಡುತ್ತಿತ್ತು. ಯಾರೋ ಆಗ ನ್ಯಾಸ್‌ಗೆ 192.168.0.50 ಅಂತ ಖಾಯಂ ವಿಳಾಸ ಹಾಕಿಟ್ಟಿದ್ದರು. ಹೊಸ ರೌಟರ್ ಕೊಡುವುದು 192.168.1 ಸಾಲು. ಒಂದೇ ತಂತಿಯಲ್ಲಿದ್ದರೂ ಕಂಪ್ಯೂಟರ್, ನ್ಯಾಸ್ ಎರಡಕ್ಕೂ ಪರಸ್ಪರ ಪರಿಚಯವಿಲ್ಲ.

ಇದಕ್ಕೆ ಸುಲಭದ ಮದ್ದು ಒಂದು ಲ್ಯಾನ್ ಕೇಬಲ್. ಲ್ಯಾಪ್‌ಟಾಪನ್ನು ನೇರ ನ್ಯಾಸ್‌ಗೆ ಜೋಡಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಅದರ ಲ್ಯಾನ್ ಪೋರ್ಟಿಗೆ ಕೈಯಾರೆ 192.168.0.10, ಸಬ್‌ನೆಟ್ ಮಾಸ್ಕ್ 255.255.255.0 ಎಂದು ಕೊಡಿ. ಗೇಟ್‌ವೇ ಖಾಲಿ ಬಿಟ್ಟರೆ ಸಾಕು. ಈಗ ಇಬ್ಬರೂ ಒಂದೇ ಸಾಲಿನಲ್ಲಿದ್ದಾರೆ. ಹಳೆಯ ಸಾಲು ಯಾವುದಿತ್ತು ಅಂತ ನೆನಪೇ ಇಲ್ಲವೇ? ಕೇಬಲ್ಲಿನಲ್ಲಿ ಹರಿಯುವ ಮಾಹಿತಿಯನ್ನು ತೋರಿಸುವ ವೈರ್‌ಶಾರ್ಕ್ ಎಂಬ ತಂತ್ರಾಂಶ ಹಾಕಿಕೊಂಡು ನ್ಯಾಸ್ ಆನ್ ಮಾಡಿ. ಏಳುವಾಗ ಅದು ಕಳಿಸುವ ಎಆರ್‌ಪಿ ಎಂಬ ವಿಳಾಸ ವಿಚಾರಿಸುವ ಪ್ಯಾಕೆಟ್ಟುಗಳಲ್ಲಿ ಸಾಮಾನ್ಯವಾಗಿ ಅದರ ವಿಳಾಸ ಕಾಣಿಸಿಕೊಳ್ಳುತ್ತದೆ.

ನನ್ನ ಪ್ರಕಾರ ವಿಳಾಸದ ತೊಂದರೆ ಇಲ್ಲದಿದ್ದರೂ ಈ ನೇರ ಕೇಬಲ್ಲಿನ ಜೋಡಣೆಯೇ ಒಳ್ಳೆಯದು. ಇಂಟರ್ನೆಟ್ ಇಲ್ಲ, ಬೇರೆ ಸಾಧನಗಳಿಲ್ಲ. ಎಸ್‌ಎಂಬಿ 1 ಬಳಸಲೇಬೇಕಾಗಿ ಬಂದರೆ ಇದಕ್ಕಿಂತ ಸುರಕ್ಷಿತ ಜಾಗ ಬೇರೆ ಸಿಗುವುದಿಲ್ಲ.

ಸಂದೇಶ ಏನು ಹೇಳುತ್ತಿದೆ ನೋಡಿ

ವಿಳಾಸ ಸರಿ ಇದ್ದೂ ಒಳಗೆ ಬಿಡದಿದ್ದರೆ ತೆರೆಯ ಮೇಲೆ ಬರುವ ಮಾತನ್ನು ನಿಧಾನವಾಗಿ ಓದಿ. ಪ್ರತಿಯೊಂದು ಸಂದೇಶವೂ ಬೇರೆ ಬೇರೆ ಜಾಗಕ್ಕೆ ಬೆರಳು ತೋರಿಸುತ್ತದೆ.

‘ಈ ಹಂಚಿಕೆ ಸುರಕ್ಷಿತವಲ್ಲ, ಇದಕ್ಕೆ ಬಳಕೆಯಲ್ಲಿಲ್ಲದ ಎಸ್‌ಎಂಬಿ 1 ಬೇಕು’ ಎಂಬರ್ಥದ ಸಂದೇಶ ಬಂದರೆ ವಿಷಯ ಸ್ಪಷ್ಟ. ಆದರೂ ತಕ್ಷಣ ವಿಂಡೋಸ್ ಸೆಟ್ಟಿಂಗಿಗೆ ಹೋಗಬೇಡಿ. ಬ್ರೌಸರಿನಲ್ಲಿ ನ್ಯಾಸ್‌ನ ಐಪಿ ವಿಳಾಸ ಹೊಡೆದು ಅದರ ಆಡಳಿತ ಪುಟ ತೆರೆಯಿರಿ. ಸಿನಾಲಜಿ, ಕ್ಯೂನ್ಯಾಪ್‌ನಂಥ ಕಂಪನಿಗಳ ಹಲವು ಹಳೆಯ ಮಾದರಿಗಳಿಗೆ ಎಸ್‌ಎಂಬಿ 2 ಗೊತ್ತಿರುತ್ತದೆ, ಸೆಟ್ಟಿಂಗಿನಲ್ಲಿ ಗರಿಷ್ಠ ಆವೃತ್ತಿ 1 ಎಂದು ಉಳಿದಿರುತ್ತದೆ, ಅಷ್ಟೇ. ಅದನ್ನು 2 ಅಥವಾ 3ಕ್ಕೆ ಏರಿಸಿದರೆ ಕೆಲಸ ಮುಗಿಯಿತು. ಕಂಪ್ಯೂಟರಿನ ರಕ್ಷಣೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ಆಡಳಿತ ಪುಟವೂ ತೆರೆಯದಿದ್ದರೆ ವಿಳಾಸದ ಮೊದಲಿನ ‘ಎಚ್‌ಟಿಟಿಪಿಎಸ್’ ಜಾಗದಲ್ಲಿ ‘ಎಚ್‌ಟಿಟಿಪಿ’ ಹಾಕಿ ನೋಡಿ. ಎಚ್‌ಟಿಟಿಪಿಎಸ್‌ಗೆ ಹಳೆಯ ನ್ಯಾಸ್‌ಗಳು ಬಳಸುವ ಟಿಎಲ್‌ಎಸ್ 1.0 ಎಂಬ ರಕ್ಷಣಾ ವಿಧಾನವನ್ನು ಬ್ರೌಸರುಗಳು 2020ರಲ್ಲಿ ಕೈಬಿಟ್ಟವು.

ನ್ಯಾಸ್‌ಗೆ ಎಸ್‌ಎಂಬಿ 2 ಬರುವುದೇ ಇಲ್ಲ ಅಂತಾದರೆ ಮಾತ್ರ ವಿಂಡೋಸ್ ಕಡೆ ತಿರುಗಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಸ್ ಫೀಚರ್‌ಗಳನ್ನು ಆನ್–ಆಫ್ ಮಾಡುವ ಪಟ್ಟಿ ಇದೆ. ಅದರಲ್ಲಿ ‘ಎಸ್‌ಎಂಬಿ 1.0/ಸಿಐಎಫ್‌ಎಸ್ ಫೈಲ್ ಶೇರಿಂಗ್ ಸಪೋರ್ಟ್’ ಹುಡುಕಿ. ಅದರ ಪಕ್ಕದ ಸಣ್ಣ ಕೂಡಿಸು ಗುರುತು ಒತ್ತಿದರೆ ಒಳಗೆ ಮೂರು ಸಾಲು ಕಾಣುತ್ತವೆ: ಆಟೊಮ್ಯಾಟಿಕ್ ರಿಮೂವಲ್, ಕ್ಲೈಂಟ್, ಸರ್ವರ್. ತುಂಬಾ ಕಡೆ ಸಿಗುವ ಸಲಹೆ ಮೇಲಿನ ದೊಡ್ಡ ಚೌಕಕ್ಕೇ ಟಿಕ್ ಹಾಕಿ ಅನ್ನುತ್ತದೆ. ಹಾಗೆ ಮಾಡಿದರೆ ಮೂರೂ ಆನ್ ಆಗುತ್ತವೆ. ನಿಮಗೆ ಬೇಕಾದ್ದು ಕ್ಲೈಂಟ್ ಒಂದೇ. ನಿಮ್ಮ ಕಂಪ್ಯೂಟರ್ ನ್ಯಾಸ್ ಬಳಿ ಹೋಗಿ ಕೇಳುವುದಕ್ಕೆ ಅದು ಸಾಕು. ಸರ್ವರ್ ಅಂದರೆ ಬೇರೆಯವರು ನಿಮ್ಮ ಕಂಪ್ಯೂಟರಿಗೆ ಬಂದು ಕೇಳುವ ಬಾಗಿಲು. ವಾನಾಕ್ರೈ ನುಗ್ಗಿದ್ದು ಅದೇ ಬಾಗಿಲಿನಿಂದ. ಹಾಗಾಗಿ ಆ ಟಿಕ್ ಬೇಡವೇ ಬೇಡ. ಆಟೊಮ್ಯಾಟಿಕ್ ರಿಮೂವಲ್ ಹಾಕಿದ್ದರೆ, 15 ದಿನ ಬಳಸದಿದ್ದಾಗ ವಿಂಡೋಸ್ ಅದನ್ನು ತಾನೇ ತೆಗೆದುಹಾಕುತ್ತದೆ. ಮರೆಗುಳಿಗಳಿಗೆ ಇದು ಒಳ್ಳೆಯದೇ. ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ, ಮತ್ತೆ ಐಪಿ ವಿಳಾಸದಿಂದ ಹೋಗಿ.

‘ದೃಢೀಕರಣವಿಲ್ಲದ ಅತಿಥಿ ಪ್ರವೇಶವನ್ನು ನಿಮ್ಮ ಸಂಸ್ಥೆಯ ನೀತಿ ತಡೆದಿದೆ’ ಎಂಬ ಸಂದೇಶ ಇನ್ನೊಂದು ಬಗೆ. ಮನೆಯ ಕಂಪ್ಯೂಟರಿನಲ್ಲಿ ಯಾವ ಸಂಸ್ಥೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಪಾಸ್‌ವರ್ಡ್ ಇಲ್ಲದ ಫೋಲ್ಡರಿಗೆ ಹೋಗಲು ಬಿಡುವುದಿಲ್ಲ ಅನ್ನುವುದನ್ನೇ ವಿಂಡೋಸ್ ಹೀಗೆ ಸುತ್ತಿ ಬಳಸಿ ಹೇಳುತ್ತಿದೆ. ಎಸ್‌ಎಂಬಿ 2 ಇದ್ದೂ ಇದು ಬರಬಹುದು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ಮೇಲೆ ಹಳೆಯ ನ್ಯಾಸ್‌ಗಳು ಏಕಾಏಕಿ ತೆರೆಯದಾದವು ಎಂಬ ದೂರುಗಳ ಹಿಂದೆ ಇರುವುದೂ ಬಹುಮಟ್ಟಿಗೆ ಇದೇ. ಅದರ ಪ್ರೊ ಮಾದರಿಯಲ್ಲಿ ಅತಿಥಿ ಪ್ರವೇಶ ಬಂದ್. ಜತೆಗೆ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಕಡ್ಡಾಯ. ಸಹಿ ಹಾಕಲು ಬೇಕಾದ ಕೀಲಿ ಹುಟ್ಟುವುದು ಪಾಸ್‌ವರ್ಡಿನಿಂದ. ಅತಿಥಿಗೆ ಪಾಸ್‌ವರ್ಡೇ ಇಲ್ಲ, ಅಂದಮೇಲೆ ಸಹಿ ಎಲ್ಲಿಂದ ಬರಬೇಕು, ಅಲ್ವಾ?

ಇದಕ್ಕೆ ರಿಜಿಸ್ಟ್ರಿ (ವಿಂಡೋಸಿನ ಒಳ ಸೆಟ್ಟಿಂಗುಗಳ ಭಂಡಾರ) ತಿದ್ದುವ ಉಪಾಯಗಳು ಬೇಕಾದಷ್ಟು ಸಿಗುತ್ತವೆ. ನಾನು ಅತ್ತ ಹೋಗುವುದಿಲ್ಲ. ನ್ಯಾಸ್‌ನ ಆಡಳಿತ ಪುಟದಲ್ಲಿ ಒಬ್ಬ ಬಳಕೆದಾರನನ್ನು ಸೇರಿಸಿ, ಪಾಸ್‌ವರ್ಡ್ ಕೊಟ್ಟು, ಫೋಲ್ಡರನ್ನು ಓದುವ ಅನುಮತಿ ಕೊಟ್ಟರೆ ಹೆಚ್ಚಿನ ಸಲ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ನ್ಯಾಸ್‌ಗೆ ಸಹಿ ಹಾಕಲು ಬರದೇ ಇದ್ದರೆ ಮಾತ್ರ, ಕೆಲಸ ಮುಗಿಯುವ ತನಕ ವಿಂಡೋಸಿನ ಸಹಿ ನಿಯಮ ಸಡಿಲಿಸಬೇಕಾದೀತು.

ಸರಿಯಾದ ಪಾಸ್‌ವರ್ಡನ್ನೇ ತಪ್ಪು ಅನ್ನುವುದು ಮೂರನೆಯ ಕಾಟ. ಒಮ್ಮೊಮ್ಮೆ ವಿಂಡೋಸ್ ಹಳೆಯ ಹೆಸರು–ಪಾಸ್‌ವರ್ಡನ್ನು ನೆನಪಿಟ್ಟುಕೊಂಡು ಅದನ್ನೇ ಕಳಿಸುತ್ತಿರುತ್ತದೆ. ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು ಆ ನ್ಯಾಸ್‌ಗೆ ಸೇರಿದ್ದನ್ನು ಅಳಿಸಿ. ತೀರಾ ಹಳೆಯ ನ್ಯಾಸ್ ಆದರೆ ಅದಕ್ಕೆ ಬರುವುದು ಎನ್‌ಟಿಎಲ್‌ಎಂನ ಮೊದಲ ಆವೃತ್ತಿಯ ಪಾಸ್‌ವರ್ಡ್ ಪರೀಕ್ಷೆ ಮಾತ್ರ. ವಿಸ್ತಾದ ನಂತರದ ವಿಂಡೋಸ್ ತಾನಾಗಿ ಅದನ್ನು ಕಳಿಸುವುದಿಲ್ಲ, 24ಎಚ್2ರಲ್ಲಂತೂ ಅದನ್ನು ಪೂರ್ತಿ ತೆಗೆದೇ ಹಾಕಿದ್ದಾರೆ. ಅಂಥ ಕಡೆ ವಿಂಡೋಸ್ ಜತೆ ಜಗ್ಗಾಡುವುದಕ್ಕಿಂತ ಬೇರೆ ದಾರಿ ಹಿಡಿಯುವುದು ಲೇಸು.

ಆಡಳಿತ ಪುಟದ ಪಾಸ್‌ವರ್ಡೇ ಮರೆತಿದ್ದರೆ ಹಿಂಬದಿಯ ಸಣ್ಣ ತೂತಿನಲ್ಲಿ ರೀಸೆಟ್ ಗುಂಡಿ ಇರುತ್ತದೆ. ಸಿನಾಲಜಿಯಲ್ಲಿ ಬೀಪ್ ಬರುವ ತನಕ ಸುಮಾರು 4 ಸೆಕೆಂಡ್ ಒತ್ತಿದರೆ ಅಡ್ಮಿನ್ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ಮೊದಲಿನಂತಾಗುತ್ತವೆ, ಫೈಲುಗಳು ಉಳಿಯುತ್ತವೆ. ಆದರೆ ಎಲ್ಲ ಕಂಪನಿಯದ್ದೂ ಹೀಗೇ ಅಲ್ಲ. ಎಷ್ಟು ಹೊತ್ತು ಒತ್ತಿದರೆ ಏನಾಗುತ್ತದೆ ಎಂದು ನಿಮ್ಮ ಮಾದರಿಯ ಕೈಪಿಡಿಯಲ್ಲಿ ಓದದೆ ಪಿನ್ನು ಚುಚ್ಚಬೇಡಿ.

ಬೇರೆ ಬಾಗಿಲುಗಳು

ಹಳೆಯ ನ್ಯಾಸ್‌ಗಳಲ್ಲಿ ಎಫ್‌ಟಿಪಿ ಎಂಬ ಫೈಲು ಸಾಗಿಸುವ ಹಳೆಯ ವಿಧಾನ ಇದ್ದೇ ಇರುತ್ತದೆ ಅನ್ನಬಹುದು. ಆಡಳಿತ ಪುಟದಲ್ಲಿ ಅದನ್ನು ಆನ್ ಮಾಡಿ, ಫೈಲ್‌ಜಿಲ್ಲಾ ಅಥವಾ ವಿನ್‌ಎಸ್‌ಸಿಪಿ ಎಂಬ ತಂತ್ರಾಂಶದಿಂದ ಹೋಗಿ ಫೈಲುಗಳನ್ನು ಎಳೆದುಕೊಳ್ಳಿ. ಬ್ರೌಸರಿನಿಂದ ಆಗುವುದಿಲ್ಲ. ಫೈರ್‌ಫಾಕ್ಸ್, ಕ್ರೋಮ್ ಎರಡೂ 2021ರಲ್ಲಿ ಎಫ್‌ಟಿಪಿಯನ್ನು ತೆಗೆದುಹಾಕಿವೆ. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಯಲಲ್ಲೇ ಹೋಗುತ್ತದೆ ನಿಜ, ಆದರೆ ನಿಮ್ಮಿಬ್ಬರ ನಡುವೆ ಇರುವುದು ಒಂದೇ ಕೇಬಲ್ ಆದರೆ ಕದ್ದು ಕೇಳುವವರು ಯಾರು? ವಿಂಡೋಸಿನಲ್ಲಿ ಎಸ್‌ಎಂಬಿ 1 ಹಾಕುವುದಕ್ಕಿಂತ ನನಗೆ ಇದೇ ಇಷ್ಟ.

ಲಿನಕ್ಸ್ ಗೊತ್ತಿದ್ದವರು ಪೆನ್‌ಡ್ರೈವಿನಿಂದ ಉಬುಂಟು (ಲಿನಕ್ಸ್‌ನ ಒಂದು ಬಗೆ) ಬೂಟ್ ಮಾಡಿ, ನ್ಯಾಸ್‌ನ ಫೋಲ್ಡರನ್ನು ಸಿಐಎಫ್‌ಎಸ್ (ಎಸ್‌ಎಂಬಿಯ ಇನ್ನೊಂದು ಹೆಸರು) ಮೂಲಕ ಮೌಂಟ್ ಮಾಡುವಾಗ, ಅಂದರೆ ಕಂಪ್ಯೂಟರಿಗೆ ತೆರೆದುಕೊಳ್ಳುವಾಗ, ಆವೃತ್ತಿ 1.0 ಎಂದು ಬಾಯಿಬಿಟ್ಟು ಹೇಳಿದರೆ ಸಾಕು. ಹೇಳದಿದ್ದರೆ ಈಗಿನ ಕರ್ನಲ್ (ಲಿನಕ್ಸ್‌ನ ತಿರುಳು) ಎಸ್‌ಎಂಬಿ 2.1ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕೆಲಸ ಮುಗಿಸಿ ಪೆನ್‌ಡ್ರೈವ್ ತೆಗೆದರೆ ನಿಮ್ಮ ವಿಂಡೋಸ್‌ನಲ್ಲಿ ಒಂದು ಸೆಟ್ಟಿಂಗೂ ಬದಲಾಗಿರುವುದಿಲ್ಲ.

ಮ್ಯಾಕ್‌ನವರ ಕತೆ ಸ್ವಲ್ಪ ಬೇರೆ. ಆಪಲ್‌ನ ಟೈಮ್ ಕ್ಯಾಪ್ಸೂಲ್ ಎಂಬ ನೆಟ್‌ವರ್ಕ್ ಡಿಸ್ಕಿಗೆ ಗೊತ್ತಿರುವುದು ಎಎಫ್‌ಪಿ (ಆಪಲ್‌ನದೇ ಫೈಲು ಹಂಚುವ ಭಾಷೆ) ಮತ್ತು ಎಸ್‌ಎಂಬಿ 1 ಎರಡೇ. ಅದರ ಮಾರಾಟ 2018ರಲ್ಲಿ ನಿಂತಿತು. ಎಎಫ್‌ಪಿಯನ್ನು ಮುಂದೆ ಮ್ಯಾಕ್‌ಗಳಿಂದ ತೆಗೆಯುವುದಾಗಿ ಆಪಲ್ ಹೇಳಿಬಿಟ್ಟಿದೆ. ಅಂಥ ಸಾಧನ ಇದ್ದರೆ, ಮ್ಯಾಕ್‌ನ ಮುಂದಿನ ದೊಡ್ಡ ಅಪ್‌ಡೇಟ್ ಹಾಕುವ ಮುಂಚೆಯೇ ಫೈಲು ಹೊರಗೆ ತಂದುಕೊಳ್ಳಿ.

ಪೆಟ್ಟಿಗೆಯೇ ಸತ್ತಿದ್ದರೆ

ಆನ್ ಆಗುತ್ತಲೇ ಇಲ್ಲ ಅಂದರೆ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ವೋಲ್ಟೇಜ್ ಮತ್ತು ಪಿನ್ನಿನ ಧನ–ಋಣ ಒಂದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇದ್ದರೆ ಸರಿ. ಅದರಿಂದಲೂ ಆಗದಿದ್ದರೆ ಡಿಸ್ಕ್ ಹೊರಗೆ ತೆಗೆಯುವ ಸರದಿ.

ಎರಡು ಡಿಸ್ಕಿನ ನ್ಯಾಸ್ ಆದರೆ ಯಾವುದು ಯಾವ ಗೂಡಿನಲ್ಲಿತ್ತು ಎಂದು ತೆಗೆಯುವ ಮೊದಲೇ ಪೆನ್ನಿನಲ್ಲಿ ಗುರುತು ಹಾಕಿ. ರೇಡ್ ಅಂದರೆ ಹಲವು ಡಿಸ್ಕುಗಳನ್ನು ಒಟ್ಟಾಗಿ ಬಳಸುವ ವ್ಯವಸ್ಥೆ. ರೇಡ್ 1 ಆಗಿದ್ದರೆ ಎರಡರಲ್ಲೂ ಒಂದೇ ಮಾಹಿತಿ ಇರುತ್ತದೆ, ಒಂದು ಸಾಕು. ರೇಡ್ 0 ಆಗಿದ್ದರೆ ಪ್ರತಿ ಫೈಲೂ ಎರಡಕ್ಕೂ ಹರಿದು ಹಂಚಿಹೋಗಿರುತ್ತದೆ, ಎರಡೂ ಬೇಕೇ ಬೇಕು. ಡಿಸ್ಕನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ, ಎಂಡಿಎಡಿಎಂ ಎಂಬ ಸಾಧನದಿಂದ ರೇಡ್ ಒಟ್ಟುಗೂಡಿಸಿ, ಓದಲು ಮಾತ್ರ ಬರುವಂತೆ ಮೌಂಟ್ ಮಾಡಬೇಕು. ಹೊಸ ಸಿನಾಲಜಿ ಸಿಗದಿದ್ದರೆ ಉಬುಂಟು ಕಂಪ್ಯೂಟರಿನಲ್ಲಿ ಹೀಗೆ ಮಾಡಿ ಎಂದು ಸಿನಾಲಜಿಯೇ ತನ್ನ ಗ್ರಾಹಕರಿಗೆ ಹೇಳಿಕೊಡುತ್ತದೆ. ಇಲ್ಲೊಂದು ಗಮನಿಸಬೇಕಾದ ವಿಷಯ: ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಕೆಲವು ಡಾಕ್‌ಗಳು ಡಿಸ್ಕಿನ ಸೆಕ್ಟರ್ ಅಳತೆಯನ್ನೇ ಬೇರೆಯಾಗಿ ತೋರಿಸಿ ಪಾರ್ಟಿಷನ್ ಇಲ್ಲ ಅನ್ನಿಸಿಬಿಡುತ್ತವೆ. ಕೈಲಾದರೆ ನೇರ ಕಂಪ್ಯೂಟರಿನೊಳಗಿನ ಸಾಟಾ ಪೋರ್ಟಿಗೇ ಸಿಕ್ಕಿಸಿ.

ಇಷ್ಟೆಲ್ಲ ಸರಿ ಮಾಡಿಯೂ ಕೆಲವು ಡಿಸ್ಕುಗಳು ಮೌಂಟ್ ಆಗುವುದಿಲ್ಲ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಒಳ್ಳೆಯ ಉದಾಹರಣೆ. ಅದರಲ್ಲಿದ್ದದ್ದು ಪವರ್‌ಪಿಸಿ ಪ್ರೊಸೆಸರ್, ಫೈಲ್ ಸಿಸ್ಟಮ್ ಇಎಕ್ಸ್‌ಟಿ4, ಅದು ಮಾಹಿತಿ ಇಡುವ ತುಂಡಿನ, ಅಂದರೆ ಬ್ಲಾಕಿನ, ಅಳತೆ 64 ಕಿಲೋಬೈಟ್. ಸಾಮಾನ್ಯ ಪಿಸಿಯ ಮೆಮೊರಿ ಪುಟ 4 ಕಿಲೋಬೈಟಿನದು, ಲಿನಕ್ಸ್ ಕರ್ನಲ್ ಬಹುಕಾಲ ಅದಕ್ಕಿಂತ ದೊಡ್ಡ ಬ್ಲಾಕನ್ನು ಒಪ್ಪುತ್ತಿರಲಿಲ್ಲ. ಹಾಗಾಗಿ ಮೌಂಟ್ ಮಾಡಲು ಹೋದರೆ ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್‌ನ ಮುಖ್ಯ ವಿವರ ಇರುವ ಭಾಗ) ಸರಿ ಇಲ್ಲ ಎಂಬಂತೆ ದೂರುತ್ತದೆ. ಓದಿದವರು ಫೈಲ್ ಸಿಸ್ಟಮ್ ಕೆಟ್ಟಿದೆ ಅಂದುಕೊಂಡು ರಿಪೇರಿ ಕಮಾಂಡ್ ಓಡಿಸುತ್ತಾರೆ. ಚೆನ್ನಾಗಿದ್ದ ಡಿಸ್ಕಿಗೆ ಕೇಡು ಬರುವುದು ಅಲ್ಲಿಂದ. ಫ್ಯೂಸ್-ಇಎಕ್ಸ್‌ಟಿ2 ಎಂಬ ತಂತ್ರಾಂಶ ಕರ್ನಲ್ಲಿನ ಈ ಮಿತಿಯನ್ನು ದಾಟಿ ಅದನ್ನು ಸರಾಗವಾಗಿ ಓದುತ್ತದೆ.

ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಮೇಲಿನದ್ಯಾವುದೂ ಬೇಡ. ಕೂಡಲೇ ಆಫ್ ಮಾಡಿ. ಒಳಗಿರುವುದು ಅಷ್ಟು ಮುಖ್ಯವಾದರೆ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.

ಹೊರಗೆ ತರುವಾಗ

ಬಾಗಿಲು ತೆರೆದ ಖುಷಿಯಲ್ಲಿ ನ್ಯಾಸ್‌ನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡೋಣ ಅನ್ನಿಸಬಹುದು. ಈಗ ಬೇಡ. ಮೊದಲು ನಕಲು. ಅದಕ್ಕೆ ಹೊತ್ತು ಹಿಡಿಯುತ್ತದೆ. 100 ಮೆಗಾಬಿಟ್ ಪೋರ್ಟಿನ ನ್ಯಾಸ್ ಸೆಕೆಂಡಿಗೆ ಹೆಚ್ಚೆಂದರೆ 11 ಮೆಗಾಬೈಟ್‌ನಷ್ಟು ಕೊಡುತ್ತದೆ. ಆ ಲೆಕ್ಕದಲ್ಲಿ ಒಂದು ಟೆರಾಬೈಟ್‌ಗೆ 25 ಗಂಟೆ. ಗಿಗಾಬಿಟ್ ಪೋರ್ಟ್ ಇದ್ದರೂ ಪ್ರೊಸೆಸರ್ ಸೋಮಾರಿಯಾದರೆ ಅಷ್ಟೇನೂ ವೇಗ ಬರುವುದಿಲ್ಲ. ಎಕ್ಸ್‌ಪ್ಲೋರರಿನಲ್ಲಿ ಎಳೆದು ಬಿಟ್ಟರೆ ಮಧ್ಯರಾತ್ರಿ ಯಾವುದೋ ಒಂದು ಫೈಲಿಗೆ ಎಡವಿ ಬೆಳಗಿನ ತನಕ ನಿಮ್ಮ ಉತ್ತರಕ್ಕೆ ಕಾಯುತ್ತಾ ನಿಂತಿರುತ್ತದೆ. ನಕಲಿಗೆ ವಿಂಡೋಸಿನಲ್ಲಿ ರೋಬೊಕಾಪಿ, ಲಿನಕ್ಸಿನಲ್ಲಿ ಆರ್‌ಸಿಂಕ್ ಎಂಬ ಕಮಾಂಡ್ ಬಳಸಿ. ನಿಂತಲ್ಲಿಂದ ಮುಂದುವರಿಸುತ್ತವೆ, ಯಾವುದು ಬಿಟ್ಟುಹೋಯಿತು ಅಂತಲೂ ಬರೆದಿಡುತ್ತವೆ. ಮರುಪ್ರಯತ್ನದ ಸಂಖ್ಯೆಯನ್ನು ಮಾತ್ರ ಕಡಿಮೆ ಮಾಡಿಕೊಳ್ಳಿ. ರೋಬೊಕಾಪಿ ತಾನಾಗಿ ಬಿಟ್ಟರೆ ಕೆಟ್ಟ ಫೈಲೊಂದನ್ನು ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲದ ನಡುವೆ 30 ಸೆಕೆಂಡ್ ಕಾಯುತ್ತಾ.

ನಕಲು ಮುಗಿದ ಮೇಲೆ ಒಟ್ಟು ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ಎರಡೂ ಕಡೆ ಹೊಂದುತ್ತದೆಯೇ ನೋಡಿ. ಕೆಲವು ವಿಡಿಯೊಗಳನ್ನು ಕೊನೆಯ ತನಕ ಓಡಿಸಿ. ಇನ್ನೊಂದು ಡಿಸ್ಕಿಗೂ ಒಂದು ಪ್ರತಿ ಹಾಕಿ. ಆಮೇಲೆ ವಿಂಡೋಸಿನ ಆ ಎಸ್‌ಎಂಬಿ 1 ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಸಹಿ ನಿಯಮ ಸಡಿಲಿಸಿದ್ದರೆ ಅದನ್ನೂ ಮೊದಲಿನಂತೆ ಮಾಡಿ.

‘ಈಗ ಸರಿ ಹೋಯ್ತಲ್ಲ, ಹೀಗೇ ಬಳಸುತ್ತಾ ಹೋಗೋಣ’ ಅನ್ನುವವರಿಗೆ ಎರಡು ಘಟನೆ ಹೇಳುತ್ತೇನೆ. ಮೇಲೆ ಹೇಳಿದ ಮೈ ಬುಕ್ ಲೈವ್‌ಗೆ ಕೊನೆಯ ಫರ್ಮ್‌ವೇರ್ ಬಂದಿದ್ದು 2015ರಲ್ಲಿ. 2021ರ ಜೂನ್‌ನಲ್ಲಿ ಯಾರೋ ಇಂಟರ್ನೆಟ್ ಮೂಲಕ ಆ ಸಾಧನಗಳಿಗೆ ನುಗ್ಗಿ ಫ್ಯಾಕ್ಟರಿ ರೀಸೆಟ್ ಮಾಡಿದರು. ಜನ ಬೆಳಗ್ಗೆ ಎದ್ದು ನೋಡಿದರೆ ಫೋಲ್ಡರುಗಳು ಖಾಲಿ. ಇನ್ನು 2024ರಲ್ಲಿ ಡಿ-ಲಿಂಕ್‌ನ ಹಲವು ಹಳೆಯ ನ್ಯಾಸ್ ಮಾದರಿಗಳಲ್ಲಿ ತಯಾರಿಕೆಯ ಹೊತ್ತಿಗೇ ಸೇರಿಕೊಂಡಿದ್ದ ಗುಪ್ತ ಖಾತೆಯೊಂದು ಬಯಲಾಯಿತು. ಇವುಗಳ ಅವಧಿ ಮುಗಿದಿದೆ, ಪ್ಯಾಚ್ ಬರುವುದಿಲ್ಲ, ಬದಲಾಯಿಸಿ ಎಂದು ಕಂಪನಿ ಹೇಳಿತು.

ಹಾಗಾಗಿ ಆ ಪೆಟ್ಟಿಗೆಯನ್ನು ಮತ್ತೆ ರೌಟರಿಗೆ ಸಿಕ್ಕಿಸಬೇಡಿ. ಹೊಸ ಪ್ರತಿಗಳ ಮೇಲೆ ಪೂರ್ತಿ ನಂಬಿಕೆ ಬರುವ ತನಕ ಡಿಸ್ಕ್ ಒಳಗೇ ಇಟ್ಟು, ಕೇಬಲ್ ಬಿಚ್ಚಿ, ಮೇಲೆ ಒಂದು ಚೀಟಿ ಅಂಟಿಸಿಡಿ: ಐಪಿ ವಿಳಾಸ, ಬಳಕೆದಾರನ ಹೆಸರು, ರೇಡ್ ಯಾವ ಬಗೆಯದು, ಕೊನೆಗೆ ಯಾವ ದಾರಿಯಿಂದ ತೆರೆಯಿತು.